ತಡ ಹುಟ್ಟುವುದು ಎಲ್ಲಿ?

ಕಚೇರಿಯ ಮೂಲೆಯಲ್ಲಿದ್ದ ಸರ್ವರನ್ನು ತೆಗೆದು, ಡೇಟಾಬೇಸನ್ನು ಕ್ಲೌಡಿಗೆ ಸಾಗಿಸಿದ ವಾರದೊಳಗೆ ಲೆಕ್ಕಪತ್ರ ನೋಡುವವರಿಂದ ಒಂದು ದೂರು ಬಂದೇ ಬರುತ್ತದೆ: ‘ಸರ್, ಎಕ್ಸೆಲ್ ತುಂಬಾ ಸ್ಲೋ ಆಗಿದೆ.’ ಮಾಲೀಕರು ಇಂಟರ್‌ನೆಟ್ ಕಂಪನಿಗೆ ಫೋನ್ ಮಾಡುತ್ತಾರೆ. 100 ಎಂಬಿಪಿಎಸ್ ಇದ್ದ ಸಂಪರ್ಕ 300ಕ್ಕೆ ಏರುತ್ತದೆ, ತಿಂಗಳ ಬಿಲ್ಲೂ ಏರುತ್ತದೆ. ಎಕ್ಸೆಲ್ ಮಾತ್ರ ಮೊದಲಿನಷ್ಟೇ ನಿಧಾನ.

ಡ್ರೋನ್ ಹಾರಿಸುವವರ ನಡುವೆಯೂ ಇಂಥದೇ ಖರ್ಚು ನಡೆಯುತ್ತದೆ. ಡ್ರೋನಿನ ಮೂತಿಯಲ್ಲಿರುವ ಕ್ಯಾಮೆರಾ ಕಂಡದ್ದನ್ನು ನೇರವಾಗಿ ನಮ್ಮ ಕಣ್ಣಿಗೆ ತಂದು ತೋರಿಸುವ ಗಾಗಲ್ಸ್ ಕೊಳ್ಳುವಾಗ ಹೊಸಬರು ಮೊದಲು ಓದುವುದು ಪರದೆಯ ಪಿಕ್ಸೆಲ್ ಎಷ್ಟು, ಚಿತ್ರ ಎಷ್ಟು ಸ್ವಚ್ಛ ಎಂಬ ಸಾಲನ್ನು. ಮನೆಗೆ ತಂದು ಹಾರಿಸಿದಾಗ ಚಿತ್ರ ಸೊಗಸಾಗಿಯೇ ಇರುತ್ತದೆ. ಆದರೆ ಕೊಂಬೆ ಕಣ್ಣಿಗೆ ಬೀಳುವ ಹೊತ್ತಿಗೆ ಡ್ರೋನ್ ಕೊಂಬೆಗೆ ಬಡಿದಾಗಿರುತ್ತದೆ.

ಎರಡೂ ಕಡೆ ಪರಿಸ್ಥಿತಿ ಒಂದೇ. ಕೈ ಇಲ್ಲಿದೆ, ಕೆಲಸ ಅಲ್ಲೆಲ್ಲೋ ನಡೆಯುತ್ತಿದೆ. ನಡುವೆ ಇರುವುದು ಎಂಜಿನಿಯರುಗಳು ಲೇಟೆನ್ಸಿ ಎಂದು ಕರೆಯುವ ತಡ. ಒಂದು ಸೆಕೆಂಡಿನಲ್ಲಿ ಎಷ್ಟು ಮಾಹಿತಿ ಹರಿಯಬಹುದು ಎಂಬುದನ್ನು ಎಂಬಿಪಿಎಸ್ ಹೇಳುತ್ತದೆ. ಕೇಳಿದ್ದಕ್ಕೆ ಉತ್ತರ ಬರಲು ಎಷ್ಟು ಹೊತ್ತು ಬೇಕು ಎಂಬುದನ್ನು ಅದು ಹೇಳುವುದಿಲ್ಲ. ಜಾಹೀರಾತಿನಲ್ಲಿ ಮೊದಲನೆಯದು ದಪ್ಪ ಅಕ್ಷರದಲ್ಲಿ ಇರುತ್ತದೆ, ಎರಡನೆಯದು ಬಹಳ ಸಲ ಇರುವುದೇ ಇಲ್ಲ. ದುಡ್ಡು ಖರ್ಚು ಮಾಡುವ ಮೊದಲು ಈ ತಡ ಎಲ್ಲಿ ಹುಟ್ಟುತ್ತಿದೆ ಎಂದು ಹುಡುಕಬೇಕು. ಡೇಟಾಬೇಸಿನಲ್ಲಿ ಅದು ಹುಟ್ಟುವ ಜಾಗ ಬೇರೆ, ಗಾಗಲ್ಸಿನಲ್ಲಿ ಬೇರೆ. ಹಾಗಾಗಿ ಮದ್ದೂ ಬೇರೆ.

ಡೇಟಾಬೇಸಿನ ಕಡೆ ಮೊದಲು ಬರೋಣ. ಆಪ್ಟಿಕಲ್ ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ 200 ಕಿ.ಮೀ. ಬೆಂಗಳೂರಿನಿಂದ ಮುಂಬೈಗೆ ಸಾವಿರ ಕಿ.ಮೀ. ಕೇಬಲ್ ಇದೆ ಎಂದುಕೊಂಡರೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡು ಬೇಕೇ ಬೇಕು. ನಡುವಿನ ರೂಟರುಗಳು, ಸುತ್ತುಬಳಸಿನ ದಾರಿ, ಮನೆಯ ವೈಫೈ ಎಲ್ಲ ಸೇರಿ ನಿಜದಲ್ಲಿ ಅದು 20ರಿಂದ 30 ಆಗುತ್ತದೆ. ಅಮೆರಿಕದ ವರ್ಜೀನಿಯಾದಲ್ಲಿ ಡೇಟಾಬೇಸ್ ಇಟ್ಟರೆ 200 ದಾಟುವುದು ಸಾಮಾನ್ಯ. ಯಾವ ಕಂಪನಿಗೆ ಎಷ್ಟು ದುಡ್ಡು ಕೊಟ್ಟರೂ ಬೆಳಕಿನ ವೇಗ ಹೆಚ್ಚುವುದಿಲ್ಲ.

25 ಮಿಲಿಸೆಕೆಂಡು ಅಂದರೆ ಕಣ್ಣು ರೆಪ್ಪೆ ಬಡಿಯುವ ಹೊತ್ತೂ ಅಲ್ಲ, ಅದರಿಂದ ಏನು ತೊಂದರೆ ಎನ್ನಿಸಬಹುದು. ಒಂದೇ ಸಲ ಹೋಗಿ ಬರುವುದಾದರೆ ತೊಂದರೆ ಇಲ್ಲ. ನಮ್ಮ ಡೆಸ್ಕ್‌ಟಾಪ್ ತಂತ್ರಾಂಶಗಳು ಒಂದೇ ಸಲ ಹೋಗಿ ಬರುವುದಿಲ್ಲ ಎನ್ನುವುದೇ ಸಮಸ್ಯೆ. ಅವು ಹುಟ್ಟಿದ ಕಾಲದಲ್ಲಿ ಡೇಟಾಬೇಸ್ ಅದೇ ಕೋಣೆಯಲ್ಲಿ ಇರುತ್ತಿತ್ತು. ಡೇಟಾಬೇಸ್ ತಂತ್ರಾಂಶವಾದ ಮೈಕ್ರೋಸಾಫ್ಟ್ ಆಕ್ಸೆಸ್ ಬಂದದ್ದು 1992ರಲ್ಲಿ. ಬೇರೆ ಬೇರೆ ಡೇಟಾಬೇಸುಗಳ ಜೊತೆ ಒಂದೇ ರೀತಿಯಲ್ಲಿ ಮಾತಾಡಲು ನೆರವಾಗುವ ಓಡಿಬಿಸಿ ಎಂಬ ವ್ಯವಸ್ಥೆಯೂ ಅದೇ ವರ್ಷದ್ದು. ಆಗ ನೂರು ಸಲ ಹೋಗಿ ಬಂದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಕ್ಕದ ರಸ್ತೆಯ ಅಂಗಡಿಗೆ ಉಪ್ಪಿಗೊಮ್ಮೆ, ಬೇಳೆಗೊಮ್ಮೆ, ಎಣ್ಣೆಗೊಮ್ಮೆ ಹೋಗಿ ಬಂದರೆ ನಡೆಯುತ್ತದೆ. ಅಂಗಡಿ ತಾಲ್ಲೂಕು ಕೇಂದ್ರಕ್ಕೆ ಹೋದ ಮೇಲೂ ಅದೇ ಅಭ್ಯಾಸ ಇಟ್ಟುಕೊಂಡರೆ ದಿನವೆಲ್ಲ ದಾರಿಯಲ್ಲೇ ಕಳೆಯುತ್ತದೆ. ಚೀಟಿ ಬರೆದುಕೊಂಡು ಒಂದೇ ಸಲ ಹೋಗಬೇಕು.

ಆಕ್ಸೆಸ್ ಏನು ಮಾಡುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಿ. ದೂರದ ಸರ್ವರಿನ ಟೇಬಲ್ಲನ್ನು ಅದಕ್ಕೆ ಲಿಂಕ್ ಮಾಡಿ ತೆರೆದರೆ, ತಿದ್ದಲು ಬರುವಂಥ ಪಟ್ಟಿಗೆ ಅದು ಮೊದಲು ಪ್ರತಿ ಸಾಲಿನ ಗುರುತಿನ ಕೀ ಮಾತ್ರ ತರಿಸಿಕೊಳ್ಳುತ್ತದೆ. ಆಮೇಲೆ ಆ ಕೀಗಳನ್ನು ಹತ್ತು ಹತ್ತರಂತೆ ಕೊಟ್ಟು ‘ಈ ಹತ್ತು ಸಾಲು ಕೊಡು’ ಎಂದು ಮತ್ತೆ ಮತ್ತೆ ಕೇಳುತ್ತದೆ. 5,000 ಸಾಲುಗಳ ಪಟ್ಟಿಯನ್ನು ಕೊನೆಯವರೆಗೆ ಓದಬೇಕಾದರೆ 500 ಸಲ ಹೋಗಿ ಬರಬೇಕು. ಅದೇ ಕಟ್ಟಡದ ಸರ್ವರಾದರೆ ಒಂದು ಸಲಕ್ಕೆ ಅರ್ಧ ಮಿಲಿಸೆಕೆಂಡು, ಒಟ್ಟು ಕಾಲು ಸೆಕೆಂಡು. ಮುಂಬೈ ಆದರೆ ಒಂದು ಸಲಕ್ಕೆ 25ರಂತೆ ಹನ್ನೆರಡೂವರೆ ಸೆಕೆಂಡು. ವರ್ಜೀನಿಯಾ ಆದರೆ ಹೆಚ್ಚುಕಡಿಮೆ ಎರಡು ನಿಮಿಷ. ಡೇಟಾ ಅಷ್ಟೇ, ಕಂಪ್ಯೂಟರ್ ಅದೇ, ಎಂಬಿಪಿಎಸ್ ಎಷ್ಟಿದ್ದರೂ ಲೆಕ್ಕ ಬದಲಾಗುವುದಿಲ್ಲ.

ಆದ್ದರಿಂದ ಮೊದಲ ತೀರ್ಮಾನ ಡೇಟಾಬೇಸ್ ಯಾವ ಊರಿನಲ್ಲಿರಬೇಕು ಎಂಬುದು. ಖಾತೆ ತೆರೆಯುವಾಗ ತಾನಾಗಿ ಆಯ್ಕೆಯಾಗಿರುವ ಅಮೆರಿಕದ ರೀಜನ್ನನ್ನೇ, ಅಂದರೆ ಸರ್ವರುಗಳಿರುವ ಪ್ರದೇಶವನ್ನೇ, ಒಪ್ಪಿ ಮುಂದೆ ಹೋಗುವವರು ಬಹಳ. ಅಮೆಜಾನಿನ ಮುಂಬೈ ರೀಜನ್ 2016ರಿಂದ ಇದೆ, ಹೈದರಾಬಾದಿನದು 2022ರಿಂದ. ಮೈಕ್ರೋಸಾಫ್ಟ್ ಪುಣೆ ಮತ್ತು ಚೆನ್ನೈ ರೀಜನ್‌ಗಳನ್ನು 2015ರಲ್ಲೇ ತೆರೆಯಿತು. ಗೂಗಲ್ 2017ರಲ್ಲಿ ಮುಂಬೈಗೆ, 2021ರಲ್ಲಿ ದೆಹಲಿಗೆ ಬಂತು. ಕೆಲಸ ಮಾಡುವವರು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದ್ದರೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಒಮ್ಮೆ ಡೇಟಾ ತುಂಬಿದ ಮೇಲೆ ಊರು ಬದಲಿಸುವುದು ದೊಡ್ಡ ಕೆಲಸ.

ಊರು ಹತ್ತಿರವಾಯಿತು ಎಂದಿಟ್ಟುಕೊಳ್ಳಿ. ಮುಂದಿನದು ತಿರುಗಾಟ ಕಡಿಮೆ ಮಾಡುವುದು. ಆಕ್ಸೆಸ್ಸಿನಲ್ಲಿ ಪಾಸ್‌ಥ್ರೂ ಕ್ವೆರಿ ಎಂಬ ಸೌಲಭ್ಯವಿದೆ. ಬರೆದ ಪ್ರಶ್ನೆಯನ್ನು ಅದು ತಾನು ಮುಟ್ಟದೆ ಹಾಗೇ ಸರ್ವರಿಗೆ ಒಪ್ಪಿಸುತ್ತದೆ. ಸೋಸುವುದು, ಕೂಡುವುದು, ಗುಂಪು ಮಾಡುವುದು ಎಲ್ಲ ಅಲ್ಲೇ ಮುಗಿದು ಉತ್ತರ ಮಾತ್ರ ಬರುತ್ತದೆ. ನಿಮ್ಮ ಕಂಪ್ಯೂಟರಿನ ಟೇಬಲ್ಲನ್ನು ಕ್ಲೌಡಿನ ಟೇಬಲ್ಲಿಗೆ ನೇರವಾಗಿ ಜೋಡಿಸುವ ಕ್ವೆರಿಯನ್ನು ಆದಷ್ಟು ಬಿಡಿ. ಅಂಥ ಜೋಡಣೆಗೆ ಆಕ್ಸೆಸ್ ಹಲವು ಸಲ ದೂರದ ಟೇಬಲ್ಲನ್ನು ಪೂರ್ತಿ ಇಲ್ಲಿಗೆ ಎಳೆದುಕೊಂಡು ಬಂದು ಇಲ್ಲಿ ಸೋಸುತ್ತದೆ.

ಎಕ್ಸೆಲ್ಲಿನ ಪವರ್ ಕ್ವೆರಿ ಇದಕ್ಕಿಂತ ಜಾಣ. ನೀವು ಮೌಸಿನಲ್ಲಿ ಮಾಡಿದ ಸೋಸುವಿಕೆ, ವಿಂಗಡಣೆಗಳನ್ನು ಒಂದೇ ಪ್ರಶ್ನೆಯಾಗಿ ಮಡಚಿ ಸರ್ವರಿಗೆ ಕಳಿಸಲು ಅದು ಪ್ರಯತ್ನಿಸುತ್ತದೆ. ನಡುವೆ ಸರ್ವರಿಗೆ ಅರ್ಥವಾಗದ ಒಂದು ಹಂತ ಬಂದರೆ ಮಡಚುವುದು ಅಲ್ಲಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದಿನದೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯಬೇಕು, ಅದಕ್ಕೆ ಬೇಕಾದ ಸಾಲುಗಳೆಲ್ಲ ಇಳಿದು ಬರಬೇಕು. ಬಲಗಡೆಯ ಹಂತಗಳ ಪಟ್ಟಿಯಲ್ಲಿ ಕೊನೆಯ ಹಂತದ ಮೇಲೆ ರೈಟ್ ಕ್ಲಿಕ್ ಮಾಡಿ. ‘ವ್ಯೂ ನೇಟಿವ್ ಕ್ವೆರಿ’ ಎಂಬ ಸಾಲು ಒತ್ತಲು ಬರುವಂತಿದ್ದರೆ ಮಡಿಕೆ ಅಲ್ಲಿಯವರೆಗೂ ಉಳಿದಿದೆ. ಮಂಕಾಗಿದ್ದರೆ ಹಂತಗಳ ಸರದಿ ಬದಲಿಸಿ ನೋಡಿ: ಸೋಸುವುದನ್ನು ಮೇಲಕ್ಕೆ ತನ್ನಿ, ನಿಮ್ಮದೇ ಸೂತ್ರಗಳ ಕಾಲಂಗಳನ್ನು ಕೆಳಕ್ಕೆ ಇಳಿಸಿ. ಎಷ್ಟೋ ವರದಿಗಳಿಗೆ ಇಷ್ಟೇ ಸಾಕಾಗುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ತಿಂಗಳಿಗೊಮ್ಮೆ ನೋಡುವ ವರದಿಗೆ ಜೀವಂತ ಸಂಪರ್ಕ ಬೇಕಿಲ್ಲ. ಬೆಳಿಗ್ಗೆ ಒಮ್ಮೆ ಡೇಟಾ ಇಳಿಸಿಕೊಂಡು, ದಿನವೆಲ್ಲ ಆ ಪ್ರತಿಯ ಮೇಲೆ ಕೆಲಸ ಮಾಡಿದರೆ ಯಾವ ತಡವೂ ಕಾಣುವುದಿಲ್ಲ, ಸರ್ವರಿನ ಮೇಲೂ ಹೊರೆ ಬೀಳುವುದಿಲ್ಲ. ಗಳಿಗೆ ಗಳಿಗೆಗೂ ಬದಲಾಗುವ ದಾಸ್ತಾನು, ಟಿಕೆಟ್ ಕಾಯ್ದಿರಿಸುವಿಕೆ ಇಂಥವಕ್ಕೆ ಮಾತ್ರ ನೇರ ಸಂಪರ್ಕ ಇಟ್ಟುಕೊಂಡರೆ ಸಾಕು.

ಸಂಪರ್ಕ ಕಟ್ಟುವ ಕೆಲಸದಲ್ಲಿ ಜನ ಎಡವುವ ಜಾಗಗಳನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ತಡದ ಪ್ರಶ್ನೆಗೆ ಬರುವ ಮೊದಲೇ ಎಷ್ಟೋ ಮಂದಿ ಇಲ್ಲಿ ನಿಂತುಬಿಡುತ್ತಾರೆ. ಓಡಿಬಿಸಿ ಡ್ರೈವರ್ ಹಾಕಿದ ಮೇಲೂ ಎಕ್ಸೆಲ್ಲಿಗೆ ಅದು ಕಾಣದಿದ್ದರೆ 32 ಬಿಟ್, 64 ಬಿಟ್ ಹೊಂದಿಕೆ ನೋಡಿ. ನಿಮ್ಮ ಆಫೀಸ್ ತಂತ್ರಾಂಶ 32 ಬಿಟ್ಟಿನದಾದರೆ ಡ್ರೈವರೂ 32 ಬಿಟ್ಟಿನದೇ ಆಗಬೇಕು, ವಿಂಡೋಸ್ 64 ಬಿಟ್ ಆಗಿದ್ದರೂ ಸರಿಯೆ. ಇದನ್ನು ಹೊಂದಿಸುವ ಪರಿಕರ ವಿಂಡೋಸಿನಲ್ಲಿ ಎರಡಿವೆ, ಎರಡಕ್ಕೂ ಫೈಲಿನ ಹೆಸರು ಒಂದೇ. ಸಿಸ್ಟಂ32 ಫೋಲ್ಡರಿನಲ್ಲಿರುವುದು 64 ಬಿಟ್ಟಿನದು, ಸಿಸ್‌ವೌ64 ಫೋಲ್ಡರಿನಲ್ಲಿರುವುದು 32 ಬಿಟ್ಟಿನದು. ತಲೆಕೆಳಗಾಗಿ ಬರೆದಂತೆ ಕಂಡರೂ ವಾಸ್ತವ ಹೀಗೇ ಇದೆ.

ಆಮೇಲೆ ಬಾಗಿಲು. ಎಸ್‌ಕ್ಯೂಎಲ್ ಸರ್ವರ್ 1433ನೇ ಪೋರ್ಟಿನಲ್ಲಿ, ಮೈಎಸ್‌ಕ್ಯೂಎಲ್ 3306ರಲ್ಲಿ, ಪೋಸ್ಟ್‌ಗ್ರೆಸ್ 5432ರಲ್ಲಿ ಕೇಳಿಸಿಕೊಳ್ಳುತ್ತವೆ. ಕ್ಲೌಡಿನ ಫೈರ್‌ವಾಲ್ ನಿಮ್ಮ ಐಪಿ ವಿಳಾಸವನ್ನು ಒಪ್ಪಿದರೆ ಮಾತ್ರ ಒಳಗೆ ಬಿಡುತ್ತದೆ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಈ ವಿಳಾಸ ಆಗಾಗ ಬದಲಾಗುತ್ತದೆ, ನಿನ್ನೆ ಕೂಡಿದ ಸಂಪರ್ಕ ಇವತ್ತು ಕೂಡುವುದಿಲ್ಲ. ಮೊಬೈಲ್ ಡೇಟಾದಲ್ಲಿ ಒಂದೇ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ. ಈ ಕಿರಿಕಿರಿಗೆ ಬೇಸತ್ತು ‘ಎಲ್ಲ ವಿಳಾಸಗಳಿಗೂ ಪ್ರವೇಶ’ ಎಂದು ಬರೆದುಬಿಡುವವರನ್ನು ನಾನು ಕಳಕಳಿಯಿಂದ ತಡೆಯುತ್ತೇನೆ. ಜಗತ್ತಿನಾದ್ಯಂತ ಹಗಲಿರುಳು ಈ ಪೋರ್ಟುಗಳನ್ನು ತಟ್ಟಿ ನೋಡುವ ಯಂತ್ರಗಳಿವೆ, ತೆರೆದಿಟ್ಟ ಡೇಟಾಬೇಸ್ ಅವುಗಳ ಕಣ್ಣಿಗೆ ಬೀಳಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಕಚೇರಿಗೆ ಸ್ಥಿರ ಐಪಿ ಕೊಳ್ಳಿ, ಇಲ್ಲವೇ ವಿಪಿಎನ್ ಅಥವಾ ಎಸ್‌ಎಸ್‌ಎಚ್ ಸುರಂಗದ ಮೂಲಕ ಹೋಗಿ. ವರದಿ ನೋಡುವವರಿಗೆ ಓದಲು ಮಾತ್ರ ಅಧಿಕಾರವಿರುವ ಬಳಕೆದಾರ ಹೆಸರು ಕೊಡಿ, ಅಡ್ಮಿನ್ ಪಾಸ್‌ವರ್ಡನ್ನು ಎಕ್ಸೆಲ್ ಫೈಲಿನೊಳಗೆ ಇಡಬೇಡಿ. ಪೋಸ್ಟ್‌ಗ್ರೆಸ್ ಬಳಸುವವರು ಎಸ್‌ಎಸ್‌ಎಲ್ ಆಯ್ಕೆಯನ್ನು ‘ರಿಕ್ವೈರ್’ ಎಂದಿಟ್ಟು ಸುಮ್ಮನಾಗುತ್ತಾರೆ. ಅದು ದಾರಿಯಲ್ಲಿ ಹೋಗುವ ಮಾತನ್ನು ಗೂಢಗೊಳಿಸುತ್ತದೆ ಅಷ್ಟೆ. ಆ ತುದಿಯಲ್ಲಿ ಇರುವುದು ನಮ್ಮದೇ ಸರ್ವರೋ ಎಂದು ಖಚಿತಪಡಿಸಿಕೊಳ್ಳುವುದು ‘ವೆರಿಫೈ ಫುಲ್’ ಆಯ್ಕೆ.

ಕನ್ನಡದಲ್ಲಿ ಹೆಸರು, ವಿಳಾಸ ಇಟ್ಟುಕೊಂಡಿರುವ ಸಂಘ ಸಂಸ್ಥೆಗಳಿಗೆ, ಸಹಕಾರಿಗಳಿಗೆ, ಪ್ರಕಾಶಕರಿಗೆ ಇನ್ನೊಂದು ತೊಡಕಿದೆ. ಡೇಟಾ ಸಾಗಿಸಿದ ಮೇಲೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ನಿಂತಿರುತ್ತವೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡಕ್ಕೂ ಓಡಿಬಿಸಿ ಡ್ರೈವರುಗಳು ಆನ್ಸಿ, ಯೂನಿಕೋಡ್ ಎಂದು ಎರಡೆರಡು ಬರುತ್ತವೆ. ಯೂನಿಕೋಡ್ ಇರುವುದನ್ನೇ ಆರಿಸಿ. ಎಸ್‌ಕ್ಯೂಎಲ್ ಸರ್ವರಿನಲ್ಲಿ ಕಾಲಂ ‘ವಾರ್‌ಚಾರ್’ ಬದಲು ‘ಎನ್‌ವಾರ್‌ಚಾರ್’ ಆಗಿರಲಿ. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಡೇಟಾ ಆದರೆ ಸಾಗಿಸುವ ಮೊದಲೇ ಯೂನಿಕೋಡಿಗೆ ಪರಿವರ್ತಿಸಿ, ಸಾಗಿಸಿದ ಮೇಲೆ ಸರಿಪಡಿಸುವುದು ತುಂಬ ಕಷ್ಟ. ಜಾಗದ ಲೆಕ್ಕವನ್ನೂ ಗಮನಿಸಿ. ‘ಶ್ರೀನಿವಾಸ’ ಎಂಬ ಹೆಸರು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಅದು 9 ಸಂಕೇತ, ಯುಟಿಎಫ್-8ರಲ್ಲಿ 27 ಬೈಟು. ಇಂಗ್ಲಿಷ್ ಹೆಸರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅಗಲ ನಿಗದಿ ಮಾಡಿದ ಕಾಲಂ, ಬೈಟ್ ಲೆಕ್ಕ ಹಿಡಿಯುವ ಡೇಟಾಬೇಸಿನಲ್ಲಿ ಕನ್ನಡದ ಹೆಸರನ್ನು ನಡುವೆಯೇ ಕತ್ತರಿಸುತ್ತದೆ. ‘ರಾಜ್‌ಕುಮಾರ್’ ಎಂದು ಹುಡುಕಿದರೆ ‘ರಾಜ್ಕುಮಾರ್’ ಸಿಗದಿರುವುದಕ್ಕೂ ಹೀಗೇ ಒಂದು ಕಾರಣವಿದೆ: ಮೊದಲನೆಯದರಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿರುತ್ತದೆ.

ತಡದ ಮಾತಿಗೆ ಮರಳಿದರೆ, ಅದನ್ನು ಅಳೆಯುವುದು ಬಹಳ ಸುಲಭ. ಡಿಬೀವರಿನಂಥ ಉಚಿತ ತಂತ್ರಾಂಶದಲ್ಲಿ ‘ಸೆಲೆಕ್ಟ್ 1’ ಎಂಬ ಪ್ರಶ್ನೆಯನ್ನು ನಾಲ್ಕಾರು ಸಲ ಓಡಿಸಿ. ಸರ್ವರಿಗೆ ಅದರಲ್ಲಿ ಮಾಡುವ ಕೆಲಸವೇ ಇಲ್ಲ. ಹಾಗಾಗಿ ತೋರಿಸುವ ಮಿಲಿಸೆಕೆಂಡು ಹೆಚ್ಚುಕಡಿಮೆ ಪೂರ್ತಿ ದಾರಿಯದೇ. ಮೊದಲ ಸಲದ್ದನ್ನು ಬಿಟ್ಟುಬಿಡಿ. ಹೊಸ ಸಂಪರ್ಕ ಕೂಡಬೇಕಾದರೆ ಗುರುತು, ಗೂಢಲಿಪಿ, ಪಾಸ್‌ವರ್ಡ್ ಎಂದು ಐದಾರು ಸಲ ಹೋಗಿ ಬರುವುದು ನಡೆಯುತ್ತದೆ. ಆಮೇಲೆ ನಿಮ್ಮ ನಿಧಾನದ ವರದಿಗೆ ಹಿಡಿಯುವ ಸಮಯವನ್ನು ಈ ಸಂಖ್ಯೆಯಿಂದ ಭಾಗಿಸಿ. ಉತ್ತರ ನೂರಾರು ಬಂದರೆ ತಿರುಗಾಟದ ಮೇಲೆ ಅನುಮಾನಪಡಲು ಕಾರಣವಿದೆ. ಅದೇ ಕ್ವೆರಿಯನ್ನು ಸರ್ವರಿನಲ್ಲೇ ಓಡಿಸಿದಾಗಲೂ ಅಷ್ಟೇ ಹೊತ್ತು ಹಿಡಿದರೆ ತಪ್ಪು ದೂರದ್ದಲ್ಲ, ಬಹುಶಃ ಇಂಡೆಕ್ಸ್ ಇಲ್ಲದ ಟೇಬಲ್ಲಿನದು.

ಇಷ್ಟೆಲ್ಲ ಮಾಡಿಯೂ ಹಳೆಯ ತಂತ್ರಾಂಶ ತನ್ನ ತಿರುಗಾಟ ಬಿಡದಿದ್ದರೆ ಕೊನೆಯ ದಾರಿ ಒಂದಿದೆ. ತಂತ್ರಾಂಶವನ್ನೇ ಡೇಟಾಬೇಸ್ ಇರುವ ರೀಜನ್ನಿನ ವಿಂಡೋಸ್ ಯಂತ್ರದಲ್ಲಿ ಕೂರಿಸಿ, ನಾವು ರಿಮೋಟ್ ಡೆಸ್ಕ್‌ಟಾಪಿನಲ್ಲಿ ನೋಡುವುದು. ತಿರುಗಾಟ ಅಲ್ಲಲ್ಲೇ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ, ನಮ್ಮವರೆಗೆ ಬರುವುದು ಪರದೆಯ ಚಿತ್ರ ಮಾತ್ರ. ಚಿತ್ರವನ್ನು ಹಿಡಿದು, ಕುಗ್ಗಿಸಿ, ಕಳಿಸಿ, ಬಿಚ್ಚಿ ತೋರಿಸುವುದು. ಡ್ರೋನ್ ಗಾಗಲ್ಸ್ ಮಾಡುವ ಕೆಲಸವೂ ಇದೇ. ತಡ ಹುಟ್ಟುವ ಜಾಗ ಮಾತ್ರ ಅಲ್ಲಿ ಬದಲಾಗುತ್ತದೆ.

ಡ್ರೋನ್ ಒಂದು ಕಿಲೋಮೀಟರ್ ದೂರದಲ್ಲಿದ್ದರೂ ರೇಡಿಯೊ ತರಂಗ ಅಲ್ಲಿಂದ ಇಲ್ಲಿಗೆ ಬರಲು ತೆಗೆದುಕೊಳ್ಳುವುದು 3.3 ಮೈಕ್ರೊಸೆಕೆಂಡು. ಒಂದು ಮಿಲಿಸೆಕೆಂಡಿನ ಮುನ್ನೂರರಲ್ಲಿ ಒಂದು ಪಾಲು. ದೂರ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ತಡವೆಲ್ಲ ಎರಡು ತುದಿಗಳ ಯಂತ್ರಗಳಲ್ಲಿ ಹುಟ್ಟುತ್ತದೆ. ಸೆಕೆಂಡಿಗೆ 60 ಚಿತ್ರ ಹಿಡಿಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೆ 16.7 ಮಿಲಿಸೆಕೆಂಡು. ಅದನ್ನು ಕುಗ್ಗಿಸಲು ಒಂದಿಷ್ಟು ಹೊತ್ತು, ಈ ಕಡೆ ಬಿಚ್ಚಲು ಒಂದಿಷ್ಟು, ಪರದೆ ತನ್ನ ಸರದಿಗೆ ಕಾದು ತೋರಿಸಲು ಇನ್ನಷ್ಟು. ಸೆಕೆಂಡಿಗೆ 100 ಚಿತ್ರವಾದರೆ ಒಂದೊಂದು ಚಿತ್ರದ ಪಾಲು 10 ಮಿಲಿಸೆಕೆಂಡಿಗೆ ಇಳಿಯುತ್ತದೆ. ಹೆಚ್ಚು ಫ್ರೇಂ ರೇಟ್ ಕೊಳ್ಳುವುದರಿಂದ ಚಲನೆ ನುಣುಪಾಗಿ ಕಾಣುತ್ತದೆ, ಅದರ ಜೊತೆ ಪ್ರತಿ ಹಂತದ ಕಾಯುವಿಕೆಯೂ ಕಡಿಮೆಯಾಗುತ್ತದೆ.

ಗಂಟೆಗೆ 100 ಕಿ.ಮೀ. ವೇಗದ ಡ್ರೋನ್ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಚಿತ್ರ 30 ಮಿಲಿಸೆಕೆಂಡು ತಡವಾದರೆ ನೀವು ನೋಡುತ್ತಿರುವುದು 83 ಸೆಂಟಿಮೀಟರ್ ಹಿಂದಿನ ಜಾಗ. 120 ಮಿಲಿಸೆಕೆಂಡು ತಡವಾದರೆ 3.3 ಮೀಟರ್ ಹಿಂದಿನದು. ಫೋಟೊ ತೆಗೆಯುವ ಸಾಮಾನ್ಯ ಡ್ರೋನುಗಳು ಫೋನಿನ ಪರದೆಗೆ ಕಳಿಸುವ ಚಿತ್ರದಲ್ಲಿ ನೂರು ಮಿಲಿಸೆಕೆಂಡು ಮೀರಿದ ತಡ ಮಾಮೂಲು. ಅವು ತಾವಾಗಿಯೇ ಗಾಳಿಯಲ್ಲಿ ನಿಲ್ಲಬಲ್ಲವು, ನಿಧಾನವಾಗಿ ತೇಲಬಲ್ಲವು, ಹಾಗಾಗಿ ಅದು ಬಾಧಿಸುವುದಿಲ್ಲ. ಮರಗಳ ನಡುವೆ, ರೇಸಿನ ಗೇಟುಗಳ ನಡುವೆ ಕೈಯಾರೆ ನುಗ್ಗಿಸುವ ಡ್ರೋನಿಗೆ ಅಷ್ಟು ತಡ ಸಲ್ಲದು.

ಹಳೆಯ ಅನಲಾಗ್ ವ್ಯವಸ್ಥೆ ಇವತ್ತಿಗೂ ಉಳಿದಿರುವುದು ಇದಕ್ಕಾಗಿಯೇ. ಅದು ಚಿತ್ರವನ್ನು ಕುಗ್ಗಿಸಲು ಕಾಯುವುದಿಲ್ಲ, ಗೆರೆ ಗೆರೆಯಾಗಿ ಓದಿದ್ದನ್ನು ಹಾಗೇ ಹರಿಯಬಿಡುತ್ತದೆ. ಚಿತ್ರ ಹಳೆಯ ಟಿವಿಯಷ್ಟೇ ಮಸುಕು. ಆದರೆ ಸಿಗ್ನಲ್ ಸೋಲುವಾಗ ಮೊದಲು ಸ್ವಲ್ಪ ಚುಕ್ಕಿ, ಆಮೇಲೆ ಇನ್ನಷ್ಟು ಚುಕ್ಕಿ ಎಂದು ಮುನ್ಸೂಚನೆ ಕೊಡುತ್ತದೆ, ಡ್ರೋನನ್ನು ತಿರುಗಿಸಲು ಸಮಯ ಸಿಗುತ್ತದೆ. ಡಿಜಿಟಲ್ ವ್ಯವಸ್ಥೆಗಳಲ್ಲಿ ಹಲವು ಕೊನೆಯವರೆಗೂ ಸ್ವಚ್ಛ ಚಿತ್ರ ತೋರಿಸಿ ಒಮ್ಮೆಗೇ ನಿಂತುಬಿಡುತ್ತವೆ. ಡ್ರೋನ್ ತಯಾರಿಸುವ ಡಿಜೆಐ ಕಂಪನಿ 2019ರಲ್ಲಿ ತನ್ನ ಡಿಜಿಟಲ್ ವ್ಯವಸ್ಥೆ ತಂದಾಗ ಕಡಿಮೆ ತಡದ ಮೋಡಿನಲ್ಲಿ 28 ಮಿಲಿಸೆಕೆಂಡು ಎಂದು ಹೇಳಿತ್ತು. ಡ್ರೋನಿನೊಳಗೆ ಕೂತು ಚಿತ್ರ ಕಳಿಸುವ 2022ರ ಓ3 ಏರ್ ಯೂನಿಟ್ಟಿಗೆ 1080 ಗೆರೆ, 100 ಫ್ರೇಮಿನಲ್ಲಿ 30 ಎಂದಿತು. ವಾಕ್‌ಸ್ನೇಲ್ ಎಂಬ ಇನ್ನೊಂದು ವ್ಯವಸ್ಥೆಯವರು ಹೇಳುವುದು ಸರಾಸರಿ 22. ಇವೆಲ್ಲ ಅನುಕೂಲದ ಸ್ಥಿತಿಯಲ್ಲಿ ಕಂಪನಿಗಳೇ ಕೊಡುವ ಅಂಕಿ. ಸಿಗ್ನಲ್ ಕುಗ್ಗಿದಂತೆ ಕೆಲವು ವ್ಯವಸ್ಥೆಗಳಲ್ಲಿ ತಡ ಏರುತ್ತಾ ಹೋಗುತ್ತದೆ.

ನನ್ನ ಮಟ್ಟಿಗೆ ಸರಾಸರಿಗಿಂತ ಮುಖ್ಯವಾದದ್ದು ಈ ಏರಿಳಿತ. ಸದಾ ಒಂದೇ ಪ್ರಮಾಣದ ತಡಕ್ಕೆ ಕೈ ಒಗ್ಗಿಕೊಳ್ಳುತ್ತದೆ, ತಿರುವಿಗೆ ಸ್ವಲ್ಪ ಮುಂಚೆಯೇ ಸ್ಟಿಕ್ ತಿರುಗಿಸುವುದು ರೂಢಿಯಾಗುತ್ತದೆ. ಒಮ್ಮೆ 25, ಒಮ್ಮೆ 60 ಆದರೆ ಯಾವ ಅಭ್ಯಾಸವೂ ನೆರವಿಗೆ ಬರುವುದಿಲ್ಲ. ಎಚ್‌ಡಿಝೀರೊ ಎಂಬ ಮತ್ತೊಂದು ಡಿಜಿಟಲ್ ವ್ಯವಸ್ಥೆಯನ್ನು ರೇಸಿನವರು ಮೆಚ್ಚುವುದು ಅದರ ತಡ ಸ್ಥಿರವಾಗಿರುತ್ತದೆ ಎಂಬ ಕಾರಣಕ್ಕೆ, ಚಿತ್ರದಲ್ಲಿ ಅದು ಡಿಜೆಐಗೆ ಸಮನಲ್ಲದಿದ್ದರೂ. ರೇಸ್ ಬೇಕೆನ್ನುವವರು ಎಚ್‌ಡಿಝೀರೊ ಅಥವಾ ಅನಲಾಗ್ ಕೊಳ್ಳಲಿ. ಬೆಟ್ಟದ ಮೈಯನ್ನು ಸವರಿಕೊಂಡು ಇಳಿಯುವ ದೃಶ್ಯ ಸೆರೆಹಿಡಿಯಬೇಕೆನ್ನುವವರಿಗೆ ಡಿಜೆಐ ಚೆನ್ನ. ಒಂದು ಕಂಪನಿಯ ಡಿಜಿಟಲ್ ಏರ್ ಯೂನಿಟ್ ಇನ್ನೊಂದರ ಗಾಗಲ್ಸಿನಲ್ಲಿ ಕಾಣುವುದಿಲ್ಲ, ಗಾಗಲ್ಸ್ ಕೊಂಡಾಗ ಮುಂದಿನ ಡ್ರೋನುಗಳ ಒಳಭಾಗವನ್ನೂ ನಿರ್ಧರಿಸಿದಂತೆ. ಈಗಷ್ಟೇ ಶುರು ಮಾಡುವವರಿಗೆ ನನ್ನ ಸಲಹೆ ಬೇರೆ: ಮೊದಲು ಕಂಪ್ಯೂಟರಿನಲ್ಲಿ ಲಿಫ್ಟ್‌ಆಫ್ ಅಥವಾ ವೆಲೊಸಿಡ್ರೋನ್ ಸಿಮ್ಯುಲೇಟರ್, ಆಮೇಲೆ ಅಂಗೈಯಗಲದ ಟೈನಿ ವೂಪ್ ಡ್ರೋನ್ ಮತ್ತು ಅಗ್ಗದ ಅನಲಾಗ್ ಗಾಗಲ್ಸ್. ಮನೆಯ ಹಾಲಿನಲ್ಲೇ ಕಲಿಯಬಹುದು, ಬಿದ್ದರೂ ಏನೂ ಒಡೆಯುವುದಿಲ್ಲ.

ಎಷ್ಟೇ ಒಳ್ಳೆಯ ಗಾಗಲ್ಸಾದರೂ ನಿಮ್ಮ ಕಣ್ಣಿಗೆ ಹೊಂದದಿದ್ದರೆ ದಂಡ. ವಯಸ್ಕರಲ್ಲಿ ಎರಡು ಪಾಪೆಗಳ ನಡುವಿನ ಅಂತರ ಸರಾಸರಿ 63 ಮಿಲಿಮೀಟರಿನ ಆಸುಪಾಸು, ಆದರೆ ಜನರಿಂದ ಜನರಿಗೆ ಬಹಳ ವ್ಯತ್ಯಾಸ. ಡಿಜೆಐ ಗಾಗಲ್ಸ್ 2ರಲ್ಲಿ ಅದನ್ನು 56ರಿಂದ 72ರವರೆಗೆ ಹೊಂದಿಸಬಹುದು. ಪ್ಲಸ್ 2ರಿಂದ ಮೈನಸ್ 8ರವರೆಗೆ ದೃಷ್ಟಿದೋಷವನ್ನು ಅದರ ಗುಬುಟಿ ತಿರುಗಿಸಿಯೇ ಸರಿಪಡಿಸಿಕೊಳ್ಳಬಹುದು, ಕನ್ನಡಕ ಬೇಡ. ಆದರೆ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಎಂದು ಬರೆದಿರುವವರಿಗೆ ಈ ಗುಬುಟಿ ಪೂರ್ತಿ ಸಾಲುವುದಿಲ್ಲ, ಅದು ತಿದ್ದುವುದು ಗೋಳದ ನಂಬರನ್ನು ಮಾತ್ರ. ಅಂಥವರು ಪ್ರತ್ಯೇಕ ಲೆನ್ಸ್ ಹಾಕಿಸಿಕೊಳ್ಳಬೇಕು, ಇಲ್ಲವೇ ಒಂದೇ ದೊಡ್ಡ ಪರದೆಯ ಡಬ್ಬಿಯಂಥ ಗಾಗಲ್ಸ್ ಕೊಳ್ಳಬೇಕು. ಡಿಜೆಐ ಎನ್3 ಇಂಥದು, ಕನ್ನಡಕದ ಮೇಲೆಯೇ ಧರಿಸಬಹುದು. ಅಂಗಡಿಯಲ್ಲೋ ಗೆಳೆಯರ ಬಳಿಯೋ ಹತ್ತು ನಿಮಿಷ ಹಾಕಿಕೊಂಡು ಕೂರಿ. ಮೂಗಿನ ಪಕ್ಕದಿಂದ ಬೆಳಕು ನುಸುಳುತ್ತದೆಯೇ, ನಾಲ್ಕು ಮೂಲೆಯ ಅಕ್ಷರಗಳು ಸ್ಪಷ್ಟವೇ, ಗಾಜು ಮಂಜಾಗುತ್ತದೆಯೇ ನೋಡಿ. ಕರಾವಳಿಯ ಸೆಕೆಗೆ ಒಳಗೆ ಫ್ಯಾನ್ ಇಲ್ಲದ ಗಾಗಲ್ಸ್ ಬಹಳ ಹೊತ್ತು ನಡೆಯುವುದಿಲ್ಲ. ರಿಪೇರಿ ಎಲ್ಲಿ, ವಾರಂಟಿ ಯಾರದು ಎಂದೂ ಕೊಳ್ಳುವ ಮೊದಲೇ ಕೇಳಿ. ಡ್ರೋನನ್ನೂ ಕೊಳ್ಳುವವರಿಗೆ ಕಾನೂನಿನ ಮಾತೊಂದಿದೆ: ಸಿದ್ಧ ಡ್ರೋನುಗಳ ಆಮದನ್ನು ಭಾರತ 2022ರ ಫೆಬ್ರುವರಿಯಲ್ಲಿ ನಿಷೇಧಿಸಿದೆ, ಬಿಡಿಭಾಗಗಳಿಗೆ ಆ ನಿಷೇಧವಿಲ್ಲ.

ಕಾನೂನಿನ ಇನ್ನೊಂದು ಸೂಕ್ಷ್ಮ ಗಾಗಲ್ಸಿನ ಮೆನುವಿನಲ್ಲೇ ಇದೆ. ಈ ಚಿತ್ರಗಳು ಹೆಚ್ಚಾಗಿ ಬರುವುದು 5.8 ಗಿಗಾಹರ್ಟ್ಸ್ ಸುತ್ತ. 2018ರಲ್ಲಿ ಭಾರತ 5,725ರಿಂದ 5,875 ಮೆಗಾಹರ್ಟ್ಸ್ ತನಕದ ಪಟ್ಟಿಯನ್ನು, ಅದರ ಕೆಳಗಿನ 5,470ರಿಂದ 5,725ರ ಪಟ್ಟಿಯನ್ನು ಪರವಾನಗಿಯಿಂದ ಮುಕ್ತ ಮಾಡಿತು, ಕಳಿಸುವ ಶಕ್ತಿಗೆ ಮಿತಿ ಹಾಕಿ. ರೇಸಿನವರು ಬಳಸುವ ರೇಸ್‌ಬ್ಯಾಂಡಿನ ಎಂಟು ಚಾನೆಲುಗಳಲ್ಲಿ ಏಳನೆಯದು 5,880, ಎಂಟನೆಯದು 5,917. ಎರಡೂ ಈ ಗೆರೆಯ ಆಚೆ. ಗಾಗಲ್ಸ್ ಎಂಟನ್ನೂ ತೋರಿಸುತ್ತದೆ, ನಾವೇ ಆರರಲ್ಲಿ ನಿಲ್ಲಬೇಕು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ತನಕದ್ದು ನ್ಯಾನೊ, ಅದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಎಲ್ಲಿ ಹಾರಿಸಬಹುದು ಎಂಬ ವಲಯದ ನಿಯಮ ಅದಕ್ಕೂ ಅನ್ವಯ. ಎಚ್‌ಎಎಲ್, ಯಲಹಂಕ, ಜಕ್ಕೂರು, ಕೆಂಪೇಗೌಡ ವಿಮಾನ ನಿಲ್ದಾಣಗಳು ಸುತ್ತುವರಿದ ಬೆಂಗಳೂರಿನಲ್ಲಿ ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆದು ನೋಡಲೇಬೇಕು. ಗಾಗಲ್ಸ್ ಹಾಕಿದವರಿಗೆ ಅಕ್ಕಪಕ್ಕ ಕಾಣುವುದಿಲ್ಲ, ಆದ್ದರಿಂದ ಡ್ರೋನನ್ನು ಬರಿಗಣ್ಣಿನಿಂದ ನೋಡುತ್ತಾ ನಿಲ್ಲುವ ಒಬ್ಬರು ಪಕ್ಕದಲ್ಲಿರಬೇಕು. ಅಮೆರಿಕ, ಬ್ರಿಟನ್ನುಗಳಲ್ಲಿ ಇದು ನಿಯಮವೇ. ಆಟದ ಮೈದಾನಕ್ಕೆ ಮಗುವೊಂದು ಓಡಿ ಬಂದರೆ ಮೊದಲು ಕಾಣುವುದು ಅವರಿಗೆ.

ಕೊಳ್ಳುವ ಮೊದಲು ಗಾಗಲ್ಸಿನ ತಡವನ್ನು ನೀವೇ ಅಳೆಯಬಹುದು, ಸೆಕೆಂಡಿಗೆ 240 ಚಿತ್ರದ ಸ್ಲೋ ಮೋಷನ್ ಇರುವ ಫೋನ್ ಒಂದಿದ್ದರೆ ಸಾಕು. ಡ್ರೋನಿನ ಕ್ಯಾಮೆರಾದ ಎದುರು ಒಂದು ಎಲ್‌ಇಡಿ ಟಾರ್ಚ್ ಇಡಿ. ಟಾರ್ಚೂ ಗಾಗಲ್ಸಿನ ಪರದೆಯೂ ಒಟ್ಟಿಗೆ ಕಾಣುವಂತೆ ಫೋನ್ ಹಿಡಿದು, ವಿಡಿಯೊ ಶುರು ಮಾಡಿ, ಟಾರ್ಚ್ ಹೊತ್ತಿಸಿ. ಆಮೇಲೆ ವಿಡಿಯೊವನ್ನು ಒಂದೊಂದೇ ಫ್ರೇಮಾಗಿ ಸರಿಸುತ್ತಾ ಟಾರ್ಚ್ ಹೊತ್ತಿದ ಫ್ರೇಮಿನಿಂದ ಗಾಗಲ್ಸಿನಲ್ಲಿ ಬೆಳಕು ಕಾಣಿಸಿದ ಫ್ರೇಮಿನವರೆಗೆ ಎಣಿಸಿ. ಒಂದು ಫ್ರೇಮಿಗೆ ಸುಮಾರು 4.2 ಮಿಲಿಸೆಕೆಂಡು. ಏಳು ಫ್ರೇಮಾದರೆ 29. ಹತ್ತು ಸಲ ಮಾಡಿ, ಏಳು ಎಂಟರ ನಡುವೆಯೇ ಇದ್ದರೆ ವ್ಯವಸ್ಥೆ ಸ್ಥಿರವಾಗಿದೆ. ಆರಕ್ಕೂ ಹದಿನೈದಕ್ಕೂ ಹಾರುತ್ತಿದ್ದರೆ ಗಾಗಲ್ಸನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಮಾರುವವರು ಆಕ್ಷೇಪಿಸದಿದ್ದರೆ ಏರ್ ಯೂನಿಟ್ಟನ್ನು ಎರಡು ಗೋಡೆಗಳಾಚೆಯ ಕೋಣೆಗೆ ಒಯ್ದು, ಟಾರ್ಚಿನ ಬದಲು ಅಲ್ಲೂ ಇಲ್ಲೂ ಒಟ್ಟಿಗೆ ದೀಪ ಹೊತ್ತಿಸುವ ಸ್ವಿಚ್ಚೊಂದನ್ನು ಹುಡುಕಿಕೊಂಡು, ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಸಿಗ್ನಲ್ ಕುಗ್ಗಿದಾಗ ಬರುವ ಸಂಖ್ಯೆಯೇ ನಿಮ್ಮ ಡ್ರೋನನ್ನು ಉಳಿಸುವುದು ಅಥವಾ ಕೆಡಹುವುದು.